ಮೂಲಮನೆಯ ಆಟ

ಆಟಗಳ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ದೊಡ್ಡ ಪಂದ್ಯ, ದೊಡ್ಡ ಮೈದಾನ, ದೊಡ್ಡ ಹೆಸರುಗಳ ಕಡೆಗೇ ತಿರುಗುತ್ತಾರೆ. ಅದು ಸಹಜವೇ ಸರಿ. ಆದರೆ ಆ ದೊಡ್ಡದು ಯಾವುದರ ಹೊಟ್ಟೆಯಲ್ಲಿ ಹುಟ್ಟಿತೋ, ಯಾವುದರ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ತನ್ನ ಮನೆಗೆ ಕರೆದುಕೊಂಡು ಬೆಳೆಯಿತೋ, ಆ ಚಿಕ್ಕದರ ಕಥೆಯನ್ನು ಕೇಳುವವರು ವಿರಳ. ಆಸ್ಟ್ರೇಲಿಯ ದೇಶದ ವಿಕ್ಟೋರಿಯಾ ಸೀಮೆಯಲ್ಲಿ 1877ನೆಯ ಇಸವಿಯಿಂದ ನಡೆದುಕೊಂಡು ಬಂದಿರುವ ಅಂಥದೊಂದು ಕಾಲ್ಚೆಂಡಿನ ಕೂಟದ ವಿಷಯವಾಗಿ ವಾಚಕರೊಡನೆ ನಾಲ್ಕು ಮಾತು ಆಡಬೇಕೆಂಬುದು ನನ್ನ ಉದ್ದೇಶ. ಜಿಲ್ಲೆಯ ಸಂಘವೊಂದರ ಪತ್ರಿಕೆಯನ್ನು ಓದುವವರಿಗೆ ಈ ಕಥೆಯ ಮರ್ಮ ರಾಜಧಾನಿಯವರಿಗಿಂತ ಬೇಗ ತಿಳಿದೀತೆಂದು ನನಗೆ ನಂಬಿಕೆ.

ನನಗೂ ಆ ಆಟಕ್ಕೂ ಏನು ಸಂಬಂಧವೆಂದು ಕೇಳುವುದು ನ್ಯಾಯ. ನನ್ನ ಮಗಳೂ ಅಳಿಯನೂ ಮೆಲ್‌ಬರ್ನ್ ನಗರದ ಪಶ್ಚಿಮಕ್ಕೆ ವೆರಿಬೀ ಎಂಬ ಊರಿನಲ್ಲಿ ನೆಲಸಿದ್ದಾರೆ. ಆ ಸುತ್ತಿನಲ್ಲಿ ಈಚೆಗೆ ನಮ್ಮ ದೇಶದವರು ಬಹಳ ಮಂದಿ ಮನೆ ಕಟ್ಟಿಕೊಂಡಿದ್ದಾರೆ. ಅಂಗಡಿಯಲ್ಲಿ ಅಕ್ಕಿ ಬೇಳೆ ಕೊಳ್ಳುವಾಗ ಹಿಂದಿನಿಂದ ಕನ್ನಡ ಕಿವಿಗೆ ಬಿದ್ದು ತಿರುಗಿ ನೋಡುವುದುಂಟು. ಅಲ್ಲಿ ನಾನು ಎರಡು ಚಳಿಗಾಲಗಳನ್ನು ಕಳೆದೆನು. ಮಗಳ ಮನೆಯಲ್ಲಿ ಮುದುಕನಿಗೆ ಇರುವ ಉದ್ಯೋಗ ಅಷ್ಟರಲ್ಲೇ ಇದೆ. ಬಿಡುವಾದ ಹೊತ್ತೆಲ್ಲ ಊರಿನ ಪುಸ್ತಕಭಂಡಾರದಲ್ಲಿ ಕಳೆಯುತ್ತಿದ್ದೆ. ಅಲ್ಲಿ ಈ ಕೂಟದ ಹಳೆಯ ಕಥೆ ಕೈಗೆ ಸಿಕ್ಕಿತು, ಸಿಕ್ಕಿದ ಮೇಲೆ ಬಿಡಲಿಲ್ಲ.

ಆ ಆಟವನ್ನು ನಮ್ಮಲ್ಲಿ ಕಂಡವರು ಕಡಮೆಯಾದುದರಿಂದ ಅದರ ಸ್ವರೂಪವನ್ನು ಮೊದಲು ಹೇಳಿಬಿಡುತ್ತೇನೆ. ಮೈದಾನ ಮೊಟ್ಟೆಯಾಕಾರದ್ದು, ಬೇಸಗೆಯಲ್ಲಿ ಕ್ರಿಕೆಟ್ಟು ಆಡುವ ಬಯಲೇ ಚಳಿಗಾಲದಲ್ಲಿ ಇದಕ್ಕೆ ಒದಗುತ್ತದೆ. ಚೆಂಡೂ ಮೊಟ್ಟೆಯಾಕಾರದ್ದು. ಪಕ್ಷಕ್ಕೆ ಹದಿನೆಂಟು ಮಂದಿ. ಎರಡು ಕೊನೆಗಳಲ್ಲಿಯೂ ನಾಲ್ಕು ನಾಲ್ಕು ಕಂಬಗಳು. ನಡುವಣ ಎರಡರ ಮಧ್ಯೆ ಒದ್ದು ಕಳುಹಿಸಿದರೆ ಗೋಲು, ಅದಕ್ಕೆ ಆರು ಅಂಕ. ಪಕ್ಕದ ಕಂಬದ ಸಂದಿಯಲ್ಲಿ ಹೋದರೆ ಒಂದೇ ಅಂಕ. ಚೆಂಡನ್ನು ಹಿಡಿದುಕೊಂಡು ಓಡಬಹುದು, ನಡುನಡುವೆ ನೆಲಕ್ಕೆ ಪುಟಿಸುತ್ತಿರಬೇಕು. ಆದರೆ ಎಸೆಯಕೂಡದು. ಜೊತೆಯವನಿಗೆ ಕೊಡಬೇಕಾದರೆ ಒದೆಯಬೇಕು, ಇಲ್ಲವೆ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಕಳುಹಿಸಬೇಕು. ಈ ಕೊನೆಯ ನಿಯಮವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರಿಂದ ಒಂದು ಜಗಳ ಬರುವುದಿದೆ.

1858ನೆಯ ಇಸವಿ ಜುಲೈ ತಿಂಗಳಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟ್ ಆಟಗಾರನು ಮೆಲ್‌ಬರ್ನಿನ ಪತ್ರಿಕೆಯೊಂದಕ್ಕೆ ಕಾಗದ ಬರೆದು, ಚಳಿಗಾಲದಲ್ಲಿ ಕ್ರಿಕೆಟ್ಟಿಗರ ಮೈ ಜಡವಾಗದಂತೆ ಕಾಲ್ಚೆಂಡಿನ ಕ್ಲಬ್ಬೊಂದನ್ನು ಏರ್ಪಡಿಸಬೇಕೆಂದು ಸೂಚಿಸಿದನು. ಮರುವರ್ಷ ಮೇ ತಿಂಗಳಿನಲ್ಲಿ ಮೆಲ್‌ಬರ್ನ್ ಕ್ಲಬ್ಬಿನವರು ನಿಯಮಗಳನ್ನು ಬರೆದಿಟ್ಟರು. ನಮ್ಮ ಹುಡುಗರು ಆಡುವ ಫುಟ್‌ಬಾಲಿನ ನಿಯಮಗಳು ಇಂಗ್ಲೆಂಡಿನಲ್ಲಿ ಹುಟ್ಟಿದುದು 1863ರಲ್ಲಿ. ಎಂದರೆ ವಸಾಹತಿನವರ ಆಟ ತಾಯ್ನಾಡಿನವರ ಆಟಕ್ಕಿಂತ ನಾಲ್ಕು ವರ್ಷ ಹಿರಿಯದು. ಹೀಗೆ ಕ್ಲಬ್ಬುಗಳು ಬೆಳೆಯುತ್ತ ಹೋದವು. ಅವುಗಳನ್ನೆಲ್ಲ ಒಂದು ಕಟ್ಟಿನೊಳಗೆ ತರಲು 1877ನೆಯ ಇಸವಿ ಮೇ 17ರಂದು ವಿಕ್ಟೋರಿಯನ್ ಫುಟ್‌ಬಾಲ್ ಅಸೋಸಿಯೇಷನ್ ಎಂಬುದು ಸ್ಥಾಪಿತವಾಯಿತು. ಇದೇ ನಮ್ಮ ಕಥೆಯ ಮೂಲಮನೆ. ಅಂದು ಅದು ಕೆಳಗಿನ ಅಂತಸ್ತಿನದಾಗಿರಲಿಲ್ಲ. ಅದಕ್ಕಿಂತ ಮೇಲೆ ಯಾವುದೂ ಇರಲಿಲ್ಲ. ಮೊದಲ ವರ್ಷದ ಪಟ್ಟವನ್ನು ಕಾರ್ಲ್‌ಟನ್ ಗೆದ್ದಿತು. 1878ರಿಂದ 1886ರೊಳಗೆ ಜಿಲಾಂಗ್ ಊರಿನವರು ಏಳು ಸಾರಿ ಗೆದ್ದರು. 1891ರಿಂದ ಎಸೆಂಡನ್ ಎಡೆಬಿಡದೆ ನಾಲ್ಕು ವರ್ಷ ಗೆದ್ದಿತು.

ಆಮೇಲೆ ಹಣದ ಮಾತು ಬಂದಿತು. 1890ರ ದಶಕದಲ್ಲಿ ಆ ಸೀಮೆಯಲ್ಲಿ ಬ್ಯಾಂಕುಗಳು ಮುರಿದುಬಿದ್ದು ಜನ ಬಹಳ ಕಷ್ಟಪಟ್ಟರು. ಸಣ್ಣ ಕ್ಲಬ್ಬುಗಳಿಗೆ ಬಾಗಿಲಲ್ಲಿ ಬರುವ ಪ್ರವೇಶದ ಹಣ ಸಾಲದಾಯಿತು. ದೊಡ್ಡ ಕ್ಲಬ್ಬುಗಳ ಪಂದ್ಯಕ್ಕೆ ಸಾವಿರಗಟ್ಟಲೆ ಜನ, ಬಡವರ ಪಂದ್ಯಕ್ಕೆ ನೂರುಗಟ್ಟಲೆ. ಪ್ರವೇಶದ ಹಣವನ್ನು ಹೆಚ್ಚು ಸಮನಾಗಿ ಹಂಚಬೇಕೆಂಬ ಪ್ರಸ್ತಾವ ಅಸೋಸಿಯೇಷನ್ನಿನಲ್ಲಿ ಬಂದಿತು. ಬಲಿಷ್ಠರಿಗೆ ಇದು ಸಮ್ಮತವಾಗಲಿಲ್ಲ. 1896ನೆಯ ಇಸವಿ ಅಕ್ಟೋಬರ್ 2ರಂದು ಮೆಲ್‌ಬರ್ನಿನ ಬಕ್ಸ್‌ಟನ್ ಚಿತ್ರಶಾಲೆಯಲ್ಲಿ ಕಾಲಿಂಗ್‌ವುಡ್, ಎಸೆಂಡನ್, ಫಿಟ್ಸ್‌ರಾಯ್, ಜಿಲಾಂಗ್, ಮೆಲ್‌ಬರ್ನ್, ಸೌತ್ ಮೆಲ್‌ಬರ್ನ್ ಎಂಬ ಆರು ಕ್ಲಬ್ಬಿನವರು ಸೇರಿ, ತಾವು ಹೊರಟುಹೋಗಿ ಬೇರೆ ಮನೆ ಹೂಡುವುದೆಂದು ತೀರ್ಮಾನಿಸಿದರು. ಕಾರ್ಲ್‌ಟನ್ನನ್ನೂ ಸೇಂಟ್ ಕಿಲ್ಡಾವನ್ನೂ ಜೊತೆಗೆ ಕರೆದರು. ಹೀಗೆ ಎಂಟು ಕ್ಲಬ್ಬುಗಳು ಕೂಡಿ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ ಎಂಬ ಹೊಸ ಕೂಟವನ್ನು ಕಟ್ಟಿ 1897ರಲ್ಲಿ ಆಟವನ್ನಾರಂಭಿಸಿದವು. ಹದಿಮೂರರಲ್ಲಿ ಎಂಟು ಹೋದ ಮೇಲೆ ಹಳೆಯ ಮನೆಯಲ್ಲಿ ಉಳಿದವು ಐದು: ಫುಟ್‌ಸ್ಕ್ರೇ, ನಾರ್ತ್ ಮೆಲ್‌ಬರ್ನ್, ಪೋರ್ಟ್ ಮೆಲ್‌ಬರ್ನ್, ರಿಚ್‌ಮಂಡ್, ವಿಲಿಯಮ್ಸ್‌ಟೌನ್. ಈ ಐದು ಹೆಸರುಗಳನ್ನೂ ವಾಚಕರು ನೆನಪಿನಲ್ಲಿಟ್ಟರೆ ಮುಂದಿನ ಕಥೆ ಸುಲಭವಾಗುತ್ತದೆ.

ಪಾಲಾದ ಮನೆಯಲ್ಲಿ ಬೆಳೆದವನು ನಾನು. ನಮ್ಮ ಅಜ್ಜನವರ ತಮ್ಮಂದಿರು ಕಾಲುವೆಯ ಕೆಳಗಣ ಗದ್ದೆಗಳನ್ನು ತೆಗೆದುಕೊಂಡು ಹೊರಟರು. ಅಜ್ಜನವರ ಪಾಲಿಗೆ ಹಳೆಯ ಮನೆ, ದೇವರ ಪೆಟ್ಟಿಗೆ, ಸಾಲದ ಪತ್ರಗಳಲ್ಲಿ ದೊಡ್ಡ ಪಾಲು, ಶ್ರಾದ್ಧಕ್ಕೆ ಬರುವ ನಂಟರು, ಇವು ಉಳಿದವು. ಹೋದವರು ಕೆಟ್ಟವರೆಂದು ನಾನು ಹೇಳಲಾರೆ. ದುಡಿಯುವವನೊಬ್ಬ, ಉಣ್ಣುವವರು ಹತ್ತು ಮಂದಿ ಎಂಬಲ್ಲಿ ದುಡಿಯುವವನಿಗೆ ಬೇಸರ ಹುಟ್ಟುವುದು ತಪ್ಪಲ್ಲ. ಕಾಲಿಂಗ್‌ವುಡ್ಡಿನ ಆಟ ನೋಡಲು ಬಂದ ಜನ ಕೊಟ್ಟ ದುಡ್ಡು ಕಾಲಿಂಗ್‌ವುಡ್ಡಿಗೇ ಸೇರಬೇಕೆಂಬುದರಲ್ಲಿಯೂ ಒಂದು ನ್ಯಾಯವಿದೆ. ಆದರೆ ಜಟ್ಟಿ ಒಬ್ಬನೇ ಅಖಾಡದಲ್ಲಿ ನಿಂತು ತೊಡೆ ತಟ್ಟಿದರೆ ನೋಡಲು ಯಾರು ಬರುತ್ತಾರೆ? ಸೋಲುವವನಿಗೂ ಊಟ ಹಾಕಿದರೆ ತಾನೆ ಗೆಲ್ಲುವವನಿಗೆ ಕುಸ್ತಿ? ಆ ಎಂಟು ಮಂದಿಯ ಸಂತತಿಯವರಿಗೆ ಈ ಸತ್ಯ ತೊಂಬತ್ತು ವರ್ಷಗಳ ಮೇಲೆ ಹೊಳೆಯಿತು. 1986ನೆಯ ಇಸವಿಯಲ್ಲಿ ಲೀಗಿನವರೇ ಹೊಸ ಆಟಗಾರರನ್ನು ಆರಿಸಿಕೊಳ್ಳುವುದರಲ್ಲಿ ಎಲ್ಲರಿಗಿಂತ ಕೆಳಗಿರುವ ಕ್ಲಬ್ಬಿಗೆ ಮೊದಲ ಸರದಿ ಎಂಬ ಏರ್ಪಾಡನ್ನು ಮಾಡಿದರು. ಸಂಬಳಗಳಿಗೂ ಒಂದು ಮಿತಿಯನ್ನು ಕಟ್ಟಿದರು. ಬಲಹೀನನನ್ನು ಎತ್ತಿ ನಿಲ್ಲಿಸುವ ಯಾವ ಮಾತಿಗಾಗಿ 1896ರಲ್ಲಿ ಮನೆ ಒಡೆಯಿತೋ ಆ ಮಾತನ್ನೇ ಹೀಗೆ ಬೇರೆ ವೇಷದಲ್ಲಿ ಮನೆಯೊಳಕ್ಕೆ ಕರೆದುಕೊಂಡಂತಾಯಿತು.

ಉಳಿದ ಐದು ಕ್ಲಬ್ಬುಗಳು ಬಹುಮಟ್ಟಿಗೆ ಕೂಲಿಕಾರರ ಊರಿನವು. ಪೋರ್ಟ್ ಮೆಲ್‌ಬರ್ನಿನಲ್ಲಿ ಹಡಗಿನಿಂದ ಮೂಟೆ ಇಳಿಸುವವರು, ಕೊಲ್ಲಿಯ ಆಚೆ ದಡದ ವಿಲಿಯಮ್ಸ್‌ಟೌನಿನಲ್ಲಿ ಹಡಗು ಕಟ್ಟುವವರು, ರಿಪೇರಿ ಮಾಡುವವರು, ಫುಟ್‌ಸ್ಕ್ರೇಯಲ್ಲಿ ಕಾರ್ಖಾನೆಗಳವರು. ಅವರು ಬಾಗಿಲು ಮುಚ್ಚಲಿಲ್ಲ. ಬ್ರನ್ಸ್‌ವಿಕ್ ಊರಿನವರನ್ನು ಸೇರಿಸಿಕೊಂಡು ಆರು ಕ್ಲಬ್ಬುಗಳಿಂದ 1897ರ ಋತುವನ್ನು ನಡೆಸಿದರು. ಆ ವರ್ಷದ ಪಟ್ಟ ಪೋರ್ಟ್ ಮೆಲ್‌ಬರ್ನಿಗೆ ಬಂದಿತು. ಮುಂದಿನ ಮೂರು ವರ್ಷ ಫುಟ್‌ಸ್ಕ್ರೇ. ಹೊಸ ಉಪನಗರಗಳು ಬೆಳೆದಂತೆಲ್ಲ ಹೊಸ ಕ್ಲಬ್ಬುಗಳು ಬಂದವು. ಆದರೆ ಅಂದಿನಿಂದ ಈ ಕೂಟದ ಚರಿತ್ರೆಗೆ ಒಂದು ವಿಚಿತ್ರವಾದ ಲಯ ಉಂಟಾಯಿತು: ಇಲ್ಲಿ ಸಾಕಿ ಬೆಳೆಸುವುದು, ಬೆಳೆದದ್ದನ್ನು ದಾಯಾದಿಗಳು ಬಂದು ಕರೆದೊಯ್ಯುವುದು. 1902ರಲ್ಲಿಯೂ 1905ರಲ್ಲಿಯೂ ಪಟ್ಟ ಗೆದ್ದ ರಿಚ್‌ಮಂಡ್ 1908ರಲ್ಲಿ ಲೀಗಿಗೆ ಹೊರಟುಹೋಯಿತು. ನಡುವೆ ಮಹಾಯುದ್ಧ ಬಂದು 1916, 1917ರಲ್ಲಿ ಆಟವೇ ನಿಂತಿತ್ತು.

1924ನೆಯ ಇಸವಿಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಆ ವರ್ಷ ಅಸೋಸಿಯೇಷನ್ನಿನ ಪಟ್ಟ ಫುಟ್‌ಸ್ಕ್ರೇಗೆ, ಲೀಗಿನ ಪಟ್ಟ ಎಸೆಂಡನ್ನಿಗೆ. ರಿಚ್‌ಮಂಡಿನಲ್ಲಿ ಹುಟ್ಟಿ ಲೋಕವನ್ನೆಲ್ಲ ತನ್ನ ಕಂಠದಿಂದ ಗೆದ್ದ ಗಾಯಕಿ ಡೇಮ್ ನೆಲ್ಲಿ ಮೆಲ್ಬಾ ಆಗ ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗಾಗಿ ನಿಧಿಯೊಂದನ್ನು ಕೂಡಿಸುತ್ತಿದ್ದಳು. ಆ ನಿಧಿಯ ಸಹಾಯಾರ್ಥವಾಗಿ ಎರಡು ಕೂಟಗಳ ವಿಜೇತರೂ ಒಂದು ಪಂದ್ಯ ಆಡುವುದೆಂದು ಏರ್ಪಟ್ಟಿತು. ಪಾಲಾಗಿ ಇಪ್ಪತ್ತೆಂಟು ವರ್ಷಗಳ ಮೇಲೆ ಮೂಲಮನೆಯವರೂ ಹೋದವರೂ ಎದುರೆದುರು ನಿಂತರು. ಕಾಕತಾಳೀಯವೆಂದರೆ ಫುಟ್‌ಸ್ಕ್ರೇ ಗೆದ್ದುದೂ ಇಪ್ಪತ್ತೆಂಟು ಅಂಕಗಳಿಂದಲೇ. ಎಸೆಂಡನ್ನಿನವರು ಮನಸ್ಸಿಟ್ಟು ಆಡಲಿಲ್ಲವೆಂದು ಆಪಾದನೆಗಳು ಹುಟ್ಟಿದವು. ದೊಡ್ಡವರು ಸೋತಾಗ ಇಂಥ ಮಾತು ಹುಟ್ಟದೆ ಇರುವುದು ಅಪೂರ್ವ. ಅದೇನೇ ಇರಲಿ, ಹಳೆಯ ಮನೆಗೆ ಅದಕ್ಕಿಂತ ದೊಡ್ಡ ಸಂತೋಷದ ದಿನ ಬಂದಿರಲಾರದು. ಆ ಸಂತೋಷ ಮೂರು ತಿಂಗಳು ಬಾಳಿತು. 1925ರ ಜನವರಿಯಲ್ಲಿ ಲೀಗಿನವರು ಫುಟ್‌ಸ್ಕ್ರೇ, ನಾರ್ತ್ ಮೆಲ್‌ಬರ್ನ್, ಹಾಥಾರ್ನ್ ಎಂಬ ಮೂರು ಕ್ಲಬ್ಬುಗಳನ್ನು ತಮ್ಮ ಕಡೆಗೆ ಸೇರಿಸಿಕೊಂಡರು. 1896ರಲ್ಲಿ ಉಳಿದ ಐದರಲ್ಲಿ ಈಗ ಎರಡೇ ಆದವು: ಕೊಲ್ಲಿಯ ಈಚೆ ದಡದ ಪೋರ್ಟ್ ಮೆಲ್‌ಬರ್ನ್, ಆಚೆ ದಡದ ವಿಲಿಯಮ್ಸ್‌ಟೌನ್.

ಹೋದವರಿಗೆ ಸುಖವಾಯಿತೆ ಎಂದು ಕೇಳಿದರೆ ಲೆಕ್ಕವನ್ನು ನೋಡಬೇಕು. ಹಳೆಯ ಮನೆಯಲ್ಲಿ ಮತ್ತೆ ಮತ್ತೆ ಗೆದ್ದು ಮೆರೆದಿದ್ದ ಫುಟ್‌ಸ್ಕ್ರೇಗೆ ಹೊಸ ಮನೆಯಲ್ಲಿ ಮೊದಲನೆಯ ಪಟ್ಟ ಬಂದುದು 1954ರಲ್ಲಿ, ಹಾಥಾರ್ನಿಗೆ 1961ರಲ್ಲಿ, ನಾರ್ತ್ ಮೆಲ್‌ಬರ್ನಿಗೆ 1975ರಲ್ಲಿ, ಪೂರಾ ಐವತ್ತು ವರ್ಷಗಳ ಮೇಲೆ. ಹಳ್ಳಿಯ ಶಾಲೆಯಲ್ಲಿ ಮೊದಲ ಬೆಂಚಿನಲ್ಲಿ ಕುಳಿತಿದ್ದ ಹುಡುಗ ಪಟ್ಟಣದ ಕಾಲೇಜಿನಲ್ಲಿ ಕೊನೆಯ ಬೆಂಚಿಗೆ ಹೋಗಿ ಕೂತಂತೆ. ಆದರೂ ಅವರಾರೂ ಮರಳಿ ಬರಲು ಇಚ್ಛಿಸಲಿಲ್ಲ. ಅದೂ ಮನುಷ್ಯಸ್ವಭಾವವೇ.

ಹೀಗೆ ಮತ್ತೆ ಮತ್ತೆ ಕಳೆದುಕೊಂಡವರು ಒಂದು ದಿನ ಕೆರಳಿ ನಿಂತುದು 1938ರಲ್ಲಿ. ಆ ವರ್ಷ ಅಸೋಸಿಯೇಷನ್ನಿನವರು ಎರಡು ಸಾಹಸ ಮಾಡಿದರು. ಮೊದಲನೆಯದು, ನಾನು ಹಿಂದೆ ಹೇಳಿದ ನಿಯಮವನ್ನು ಮುರಿದದ್ದು: ಎರಡು ಕೈಗಳಿಂದಲೂ ಭುಜಕ್ಕಿಂತ ಕೆಳಗಿನಿಂದ ಚೆಂಡನ್ನು ಎಸೆಯಬಹುದೆಂದು ಗೊತ್ತುಮಾಡಿದರು. ಇದರಿಂದ ಆಟದ ವೇಗ ಹೆಚ್ಚಿತು. ಸಂಪ್ರದಾಯಸ್ಥರು, ಇದು ನಮ್ಮ ಆಟವೇ ಅಲ್ಲ ಎಂದು ಮೂಗು ಮುರಿದರು. ಎರಡನೆಯದು ಇನ್ನೂ ತೀಕ್ಷ್ಣವಾದುದು. ಒಂದು ಕೂಟದ ಆಟಗಾರ ಇನ್ನೊಂದಕ್ಕೆ ಹೋಗಬೇಕಾದರೆ ಅಪ್ಪಣೆ ಬೇಕೆಂದು ಇದ್ದ ಒಪ್ಪಂದವನ್ನು ಕೈಬಿಟ್ಟರು. ಎಂದರೆ ಲೀಗಿನ ಎಂಥ ಆಟಗಾರನಾದರೂ ಬರಲಿ, ಯಾರನ್ನೂ ಕೇಳಬೇಕಾದುದಿಲ್ಲ. ನಲವತ್ತು ವರ್ಷ ಕೊಡುತ್ತಲೇ ಬಂದ ಮನೆ ಮೊದಲ ಸಾರಿ ತೆಗೆದುಕೊಳ್ಳಲು ಕೈನೀಡಿತು.

ಬಂದವರು ಸಾಮಾನ್ಯರಲ್ಲ. ಕಾಲಿಂಗ್‌ವುಡ್ಡಿಗಾಗಿ 1939ರಲ್ಲಿ 121 ಗೋಲುಗಳನ್ನು ಒದ್ದಿದ್ದ ರಾನ್ ಟಾಡ್, ಮರುವರ್ಷ ವಿಲಿಯಮ್ಸ್‌ಟೌನಿಗೆ ಬಂದನು. ಆ ಕಾಲದಲ್ಲಿ ಕಾಲಿಂಗ್‌ವುಡ್ಡಿನಂಥ ಕ್ಲಬ್ಬನ್ನು ಬಿಟ್ಟು ಹೊರಡುವುದೆಂದರೆ ಮಠ ಬಿಟ್ಟು ಹೋದಂತೆ. 1934ರಲ್ಲಿ ಸೌತ್ ಮೆಲ್‌ಬರ್ನಿಗಾಗಿ 150 ಗೋಲು ಹೊಡೆದಿದ್ದ ಬಾಬ್ ಪ್ರಾಟ್ 1941ರಲ್ಲಿ ಕೋಬರ್ಗ್ ಊರಿನ ಪರವಾಗಿ ಆಡಿ ಆ ಒಂದೇ ವರ್ಷದಲ್ಲಿ 183 ಗೋಲುಗಳನ್ನು ಕೂಡಿಸಿದನು. ಆಸ್ಟ್ರೇಲಿಯಕ್ಕಾಗಿ ಟೆಸ್ಟ್ ಕ್ರಿಕೆಟ್ಟನ್ನೂ ಆಡಿದ್ದ ಲಾರಿ ನ್ಯಾಷ್ ಕ್ಯಾಂಬರ್‌ವೆಲ್ಲಿಗೆ ಬಂದನು. ಅಷ್ಟರಲ್ಲಿ ಮತ್ತೆ ಯುದ್ಧ. 1942ರಿಂದ 1944ರ ವರೆಗೆ ಆಟವಿಲ್ಲ. ಯುದ್ಧ ಮುಗಿದ 1945ರಲ್ಲಿ ಟಾಡ್ ವಿಲಿಯಮ್ಸ್‌ಟೌನಿಗಾಗಿ 188 ಗೋಲುಗಳನ್ನು ಹೊಡೆದನು. ಪಟ್ಟವೂ ವಿಲಿಯಮ್ಸ್‌ಟೌನಿಗೆ ಬಂದಿತು. ಹಡಗುಕಟ್ಟೆಯಲ್ಲಿ ವಾರವೆಲ್ಲ ಕಬ್ಬಿಣ ಬಡಿದ ಕೂಲಿಯವನು ಶನಿವಾರ ಸಂಜೆ ಸಮುದ್ರದ ಗಾಳಿಯಲ್ಲಿ ನಿಂತು ಅಂಥವನ ಆಟವನ್ನು ತನ್ನ ಊರಿನ ಬಯಲಿನಲ್ಲಿಯೇ ನೋಡಿದನಲ್ಲ, ಆ ಭಾಗ್ಯ ನೆನೆದರೆ ನನಗೆ ಈಗಲೂ ಹಿಗ್ಗಾಗುತ್ತದೆ. ಆದರೆ ಬೇರೆ ನಿಯಮದಿಂದ ಆಡುವವರಿಗೆ ದೇಶದ ಇತರ ಸೀಮೆಗಳೊಡನೆ ಸಂಪರ್ಕವಿರಲಿಲ್ಲ. 1949ರಲ್ಲಿ ರಾಜಿಯಾಯಿತು, ರಾಷ್ಟ್ರೀಯ ಮಂಡಲಿಯಲ್ಲಿ ಅಸೋಸಿಯೇಷನ್ನಿಗೆ ಸ್ಥಾನ ದೊರೆಯಿತು, ಎಸೆಯುವ ಆಟ ನಿಂತಿತು. ಹನ್ನೆರಡು ವರ್ಷ ಹೆಮ್ಮೆಯಿಂದ ನಡೆಸಿದ ತಮ್ಮದೇ ಆಟವನ್ನು ಅವರು ಕೈಯಾರೆ ಮಡಿಸಿಟ್ಟರು. ರಾಜಿ ವಿವೇಕದ್ದೇ ಇರಬಹುದು. ನನ್ನ ಮನಸ್ಸು ಮಾತ್ರ ಆ ಎಸೆಯುವವರ ಪಕ್ಷ.

ಮುಂದೆ ಅವರಿಗೆ ಒಂದು ಒಳ್ಳೆಯ ಕಾಲ ಬಂದಿತು. 1959ರಲ್ಲಿ ಪಕ್ಷಕ್ಕೆ ಹದಿನಾರೇ ಮಂದಿ ಎಂದು ಮಾಡಿ ಮೈದಾನವನ್ನು ಸಡಿಲಗೊಳಿಸಿದರು. ಈ ಪದ್ಧತಿ 1992ರ ವರೆಗೆ ನಡೆಯಿತು. 1960ರಿಂದ ಭಾನುವಾರಗಳಲ್ಲಿ ಆಡತೊಡಗಿದರು. ಭಾನುವಾರ ದೇವರ ದಿನ, ಆಟವಾಡತಕ್ಕುದಲ್ಲವೆಂದು ಆ ಸೀಮೆಯಲ್ಲಿ ಹಳೆಯ ಕಟ್ಟುಪಾಡು. ಲೀಗಿನ ಆಟ ಶನಿವಾರಕ್ಕೆ ಮೀಸಲು. ಹೀಗಾಗಿ ಶನಿವಾರ ದೊಡ್ಡವರ ಆಟ ನೋಡಿದವನು ಭಾನುವಾರ ತನ್ನ ಊರಿನವರ ಆಟ ನೋಡಬಹುದಾಯಿತು. ಟೆಲಿವಿಷನ್ನಿನವರೂ ಭಾನುವಾರದ ಆಟವನ್ನು ತೋರಿಸಿದರು. 1961ರಿಂದ ಎರಡು ದರ್ಜೆಗಳನ್ನು ಮಾಡಿ ಹೊಸ ಹೊಸ ಊರುಗಳಿಗೆ ಎಡೆಕೊಟ್ಟರು.

ಈ ಒಳ್ಳೆಯ ಕಾಲದ ನಡುವೆಯೇ ಮೂರಾಬಿನ್ ಊರಿಗೆ ಆದುದನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆನು. 1951ರಲ್ಲಿ ಅಸೋಸಿಯೇಷನ್ನಿಗೆ ಸೇರಿದ ಈ ಕ್ಲಬ್ಬು 1963ರಲ್ಲಿ ಮೊದಲ ದರ್ಜೆಯ ಪಟ್ಟವನ್ನು ಗೆದ್ದಿತು. ಅದೇ ವೇಳೆಗೆ ಲೀಗಿನ ಸೇಂಟ್ ಕಿಲ್ಡಾ ಕ್ಲಬ್ಬು ತನ್ನ ಮೈದಾನವನ್ನು ಬಿಟ್ಟು ಮೂರಾಬಿನ್ನಿನ ಬಯಲಿಗೆ ಬರುವ ಮಾತು ನಡೆಯಿತು. ದೊಡ್ಡ ಕ್ಲಬ್ಬು ಬಂದರೆ ಊರಿಗೆ ಹೆಸರು, ವ್ಯಾಪಾರ. ಊರಿನ ಕ್ಲಬ್ಬೂ ಅದಕ್ಕೆ ಬೆಂಬಲವಾಗಿ ನಿಂತಿತು. ಅಸೋಸಿಯೇಷನ್ನಿನವರು ಇದನ್ನು ಮನೆಯ ದ್ರೋಹವೆಂದು ಎಣಿಸಿ 1964ರಲ್ಲಿ ಪಟ್ಟ ಗೆದ್ದ ಆ ಕ್ಲಬ್ಬನ್ನೇ ಹೊರಹಾಕಿದರು. 1965ರಿಂದ ಮೂರಾಬಿನ್ನಿನಲ್ಲಿ ಸೇಂಟ್ ಕಿಲ್ಡಾ ಆಡಿತು. ಹಿಂದಿನ ವರ್ಷದ ವಿಜೇತರ ಕ್ಲಬ್ಬಿಗೆ ನಿಲ್ಲಲು ನೆಲವಿಲ್ಲ. ಅದೇ 1965ರಲ್ಲಿ ನಾರ್ತ್ ಮೆಲ್‌ಬರ್ನಿನವರು ಕೋಬರ್ಗಿನ ಬಯಲಿಗೆ ಬಂದು ಒಂದು ವರ್ಷ ಆಡಿ ಹಿಂದಿರುಗಿದರು. ಮೊದಲು ಕ್ಲಬ್ಬುಗಳನ್ನು ಕರೆದೊಯ್ಯುತ್ತಿದ್ದವರು ಈಗ ನೆಲಕ್ಕೇ ಬಂದರು. ಅಸೋಸಿಯೇಷನ್ನಿನ ಕೋಪ ನನಗೆ ಅರ್ಥವಾಗುತ್ತದೆ. ಆದರೆ ಪರರ ಮೇಲಿನ ಸಿಟ್ಟನ್ನು ಮನೆಯ ಕಿರಿಯನ ಮೇಲೆ ತೀರಿಸಿಕೊಂಡಂತೆ ಆಯಿತೆಂದು ನನಗೆ ತೋರುತ್ತದೆ. ಹೊರಹಾಕಿದುದರಿಂದ ಬಯಲೇನೂ ಉಳಿಯಲಿಲ್ಲ.

1980ರ ದಶಕದ ಚರಿತ್ರೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಒಂದೊಂದೇ ದೀಪ ಆರುವುದನ್ನು ವಿವರಿಸುವುದರಲ್ಲಿ ಸುಖವಿಲ್ಲ. ಲೀಗು ತಾನೂ ಭಾನುವಾರ ಆಡತೊಡಗಿತು, ಟೆಲಿವಿಷನ್ನು ಅತ್ತ ತಿರುಗಿತು, ಹಳೆಯ ಕಾರ್ಖಾನೆಗಳು ಮುಚ್ಚಿದವು. 1935ರಲ್ಲಿಯೂ 1961ರಲ್ಲಿಯೂ ಗೆದ್ದ ಯಾರಾವಿಲ್ 1984ರಲ್ಲಿ ನಿಂತುಹೋಯಿತು. ಒಡೆದ ಮನೆಗೆ ಮೊದಲು ಬಂದು ಸೇರಿದ್ದ ಬ್ರನ್ಸ್‌ವಿಕ್ 1991ರಲ್ಲಿ. ಲೀಗು ಬೇರೆ ಸೀಮೆಗಳಿಗೆ ಹಬ್ಬಿ 1990ರಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಎಂದು ಹೆಸರು ಬದಲಾಯಿಸಿಕೊಂಡಿತು. 1994ರ ಕೊನೆಗೆ ಅಸೋಸಿಯೇಷನ್ನಿನ ಸ್ವಂತ ಆಡಳಿತವೂ ಮುಗಿಯಿತು. ಆಮೇಲೆ, 1996ರಲ್ಲಿ, ಹಳೆಯ ಕೂಟಕ್ಕೆ ಒಂದು ಹೊಸ ಹೆಸರನ್ನಿಟ್ಟರು. ಯಾವ ಹೆಸರು? ವಿಕ್ಟೋರಿಯನ್ ಫುಟ್‌ಬಾಲ್ ಲೀಗ್! ನೂರು ವರ್ಷಗಳ ಹಿಂದೆ ಮನೆ ಒಡೆದು ಹೋದವರು ಹೊತ್ತುಕೊಂಡು ಹೋದ, ಈಗ ಅವರಿಗೇ ಬೇಡವಾದ ಹೆಸರು. ದಾಯಾದಿಯ ಹಳೆಯ ಅಂಗಿಯನ್ನು ಹಿರಿಯನಿಗೆ ತೊಡಿಸಿದಂತೆ. ಅದೇ 1996ರಲ್ಲಿ, ಒಡೆಯಲು ಮುಂದಾದ ಆರರಲ್ಲಿ ಒಂದಾದ ಫಿಟ್ಸ್‌ರಾಯ್ ದೊಡ್ಡವರ ಕೂಟದಲ್ಲಿ ಬಾಳಲಾರದೆ ಬ್ರಿಸ್ಬೇನಿನ ಕ್ಲಬ್ಬಿನೊಳಗೆ ವಿಲೀನವಾಯಿತು. ಸೌತ್ ಮೆಲ್‌ಬರ್ನ್ 1982ರಲ್ಲಿಯೇ ಸಿಡ್ನಿಗೆ ಗುಳೆ ಹೋಗಿತ್ತು. ಬಡವರೊಡನೆ ಪಾಲು ಹಂಚಿಕೊಳ್ಳಲೊಲ್ಲದವರಿಗೂ ಬಡತನ ಬಂದಿತೆಂದು ಸಂತೋಷಪಡಲು ನನಗೆ ಮನಸ್ಸು ಬರುವುದಿಲ್ಲ. ಆ ಊರುಗಳಲ್ಲಿಯೂ ಅತ್ತವರಿದ್ದರು.

2000ದಿಂದ ದೊಡ್ಡ ಕ್ಲಬ್ಬುಗಳ ಮೀಸಲು ಆಟಗಾರರ ಪಂದ್ಯಗಳನ್ನು ಈ ಕೂಟದೊಂದಿಗೆ ಸೇರಿಸಿದರು. ಕೆಲವರು ತಮ್ಮದೇ ಎರಡನೆಯ ತಂಡವನ್ನು ಇಲ್ಲಿ ಇಳಿಸಿದರು. ಕೆಲವರು ಹಳೆಯ ಕ್ಲಬ್ಬೊಂದರೊಡನೆ ಒಪ್ಪಂದ ಮಾಡಿಕೊಂಡು ತಮ್ಮ ಹುಡುಗರನ್ನು ಅಲ್ಲಿಗೆ ಕಳುಹಿಸಿದರು. ವಿಲಿಯಮ್ಸ್‌ಟೌನ್ ಮೊದಲು ಕಾಲಿಂಗ್‌ವುಡ್ಡಿನೊಡನೆ, ಆಮೇಲೆ 2013ರ ವರೆಗೆ ವೆಸ್ಟರ್ನ್ ಬುಲ್‌ಡಾಗ್ಸ್ ಕ್ಲಬ್ಬಿನೊಡನೆ ಹೀಗೆ ಬಾಳಿತು. ಗದ್ದೆ ತನ್ನದು, ಎತ್ತು ಇನ್ನೊಬ್ಬರದು ಎಂಬಂತೆ. ಶನಿವಾರ ಯಾರು ತಮ್ಮ ಪರ ಆಡುತ್ತಾರೆಂಬುದು ಊರಿನವರಿಗೆ ಗುರುವಾರದ ವರೆಗೆ ಗೊತ್ತಾಗದ ಸ್ಥಿತಿ. ವೆಸ್ಟರ್ನ್ ಬುಲ್‌ಡಾಗ್ಸ್ ಎಂಬುದು ಬೇರೆ ಯಾರೂ ಅಲ್ಲ, 1925ರಲ್ಲಿ ಹೊರಟುಹೋದ ಫುಟ್‌ಸ್ಕ್ರೇಯೇ. 2014ರಲ್ಲಿ ಅವರು ಒಪ್ಪಂದವನ್ನು ಬಿಟ್ಟು ಫುಟ್‌ಸ್ಕ್ರೇ ಎಂಬ ಹಳೆಯ ಹೆಸರಿನಿಂದಲೇ ಈ ಕೂಟದಲ್ಲಿ ತಮ್ಮ ಎರಡನೆಯ ತಂಡವನ್ನು ಇಳಿಸಿದರು; ಬಂದ ವರ್ಷವೇ ಗೆದ್ದರು. ಒಂಟಿಯಾಗಿ ಉಳಿದ ವಿಲಿಯಮ್ಸ್‌ಟೌನ್ ಮರುವರ್ಷ, 2015ರಲ್ಲಿ, ಯಾರ ಹಂಗೂ ಇಲ್ಲದೆ ಪಟ್ಟ ಗೆದ್ದಿತು.

ಜುಲೈ ತಿಂಗಳಿನ ಒಂದು ಮಧ್ಯಾಹ್ನ ಅಳಿಯನೊಡನೆ ವಿಲಿಯಮ್ಸ್‌ಟೌನಿನ ಬಯಲಿಗೆ ಹೋಗಿದ್ದೆನು. ಮೈದಾನ ಸಮುದ್ರಕ್ಕೆ ಅಂಟಿಕೊಂಡಂತಿದೆ. ಗಾಳಿ ಎಂಥದೆಂದರೆ ತಲೆಗೆ ಸುತ್ತಿದ್ದ ಮಫ್ಲರನ್ನು ಎರಡು ಕೈಗಳಿಂದಲೂ ಹಿಡಿದುಕೊಂಡಿದ್ದೆ. ಪಕ್ಕದಲ್ಲಿ ನನ್ನ ವಯಸ್ಸಿನವರೊಬ್ಬರು, ಹಡಗುಕಟ್ಟೆಯಲ್ಲಿ ದುಡಿದು ನಿವೃತ್ತರಾದವರು, ನೀಲಿ ಹಳದಿ ಪಟ್ಟೆಯ ಟೋಪಿ ಹಾಕಿಕೊಂಡು ನಿಂತಿದ್ದರು. ಮೂರನೆಯ ವಿರಾಮಕ್ಕೆ ಗಂಟೆಯಾದೊಡನೆ ಜನರೆಲ್ಲ ಬೇಲಿ ದಾಟಿ ಮೈದಾನದೊಳಕ್ಕೆ ಹೊರಟರು. ನಾನು ಗಾಬರಿಯಾದೆ, ಅವರು ನನ್ನ ತೋಳು ಹಿಡಿದು, “ಬನ್ನಿ, ಇಲ್ಲಿ ಇದೇ ವಾಡಿಕೆ” ಎಂದು ಕರೆದುಕೊಂಡು ಹೋದರು. ಆಟಗಾರರ ಸುತ್ತ ಊರಿನವರು ಒತ್ತಾಗಿ ನಿಂತು, ಗುರು ತನ್ನ ಹುಡುಗರಿಗೆ ಹೇಳುವ ಮಾತನ್ನು ಕೇಳುತ್ತಿದ್ದರು. ದೊಡ್ಡ ಮೈದಾನದಲ್ಲಿ ಇದನ್ನು ಕನಸಿನಲ್ಲಿಯೂ ಎಣಿಸಲಾಗದು. ನೀವು ದೊಡ್ಡ ಲೀಗಿನ ಆಟಕ್ಕೆ ಹೋಗುವುದಿಲ್ಲವೆ ಎಂದು ಕೇಳಿದೆನು. “ಹೋಗುತ್ತಿದ್ದೆ. ಅಲ್ಲಿ ನಾನು ಬಂದೆನೆ ಬಿಟ್ಟೆನೆ ಎಂದು ನೋಡುವವರಿಲ್ಲ. ಇಲ್ಲಿ ಎರಡು ವಾರ ಬಾರದಿದ್ದರೆ ಮನೆಗೆ ಫೋನು ಬರುತ್ತದೆ” ಎಂದರು. ಆಮೇಲೆ ಸ್ವಲ್ಪ ತಡೆದು, “ಹೋದ ವರ್ಷ ಬೇಲಿಗೆ ಬಣ್ಣ ಹಚ್ಚಲು ಕರೆದಿದ್ದರು, ಅಷ್ಟೆ, ಬೇರೇನಿಲ್ಲ” ಎಂದು ನಕ್ಕರು.

ಈಚಿನ ಕೆಲವು ವರ್ಷಗಳಲ್ಲಿ ನಡೆದ ಅಂತಿಮ ಪಂದ್ಯಗಳನ್ನು ನೋಡಿದರೆ 1896ರ ಆ ಐವರು ಮತ್ತೆ ಒಂದೇ ಅಂಗಳದಲ್ಲಿ ಸೇರಿದಂತೆ ಕಾಣುತ್ತದೆ. 2017ರಲ್ಲಿ ಪೋರ್ಟ್ ಮೆಲ್‌ಬರ್ನ್ ನಾಲ್ಕು ಅಂಕಗಳಿಂದ ರಿಚ್‌ಮಂಡಿನ ಎರಡನೆಯ ತಂಡವನ್ನು ಸೋಲಿಸಿತು; ಅದು ಆ ಕ್ಲಬ್ಬಿನ ಹದಿನೇಳನೆಯ ಪಟ್ಟ. 2019ರಲ್ಲಿ ಅದೇ ರಿಚ್‌ಮಂಡ್ ಮೂರು ಅಂಕಗಳಿಂದ ವಿಲಿಯಮ್ಸ್‌ಟೌನನ್ನು ಸೋಲಿಸಿತು. ಆ ದಿನ ಎಲ್ಲರಿಗಿಂತ ಚೆನ್ನಾಗಿ ಆಡಿ ಪದಕ ಪಡೆದವನು ಮಾರ್ಲಿಯನ್ ಪಿಕೆಟ್. ಪದಕದ ಹೆಸರು ಪೋರ್ಟ್ ಮೆಲ್‌ಬರ್ನಿನ ಹಿರಿಯ ನಾರ್ಮ್ ಗಾಸ್ ಅವರದು. ಪಶ್ಚಿಮ ಆಸ್ಟ್ರೇಲಿಯದ ಮೂಲನಿವಾಸಿ ಕುಲದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿ ಸೆರೆಮನೆಯನ್ನು ಕಂಡು, ಇಪ್ಪತ್ತೇಳು ವರ್ಷ ತುಂಬಿದ ಮೇಲೆ ರಿಚ್‌ಮಂಡಿಗೆ ಬಂದವನು. ಮುಂದಿನ ಶನಿವಾರವೇ ಆತನನ್ನು ದೊಡ್ಡ ಲೀಗಿನ ಅಂತಿಮ ಪಂದ್ಯಕ್ಕೆ ಇಳಿಸಿದರು. ದೊಡ್ಡವರ ಮಧ್ಯೆ ಆತನ ಮೊದಲನೆಯ ಆಟವೇ ಅಂತಿಮ ಪಂದ್ಯ. ಹಾಗೆ ಆಡಿದವರು 1952ರಿಂದ ಬೇರೊಬ್ಬರಿರಲಿಲ್ಲ. ರಿಚ್‌ಮಂಡ್ 89 ಅಂಕಗಳಿಂದ ಗೆದ್ದಿತು. ಒಂದು ವಾರದ ಅಂತರದಲ್ಲಿ ಎರಡು ಮನೆಗಳ ಪಟ್ಟವೂ ಒಬ್ಬನ ಪಾಲಿಗೆ ಬಂದಿತು.

ಮಹಾಮಾರಿಯಿಂದ 2020ರಲ್ಲಿ ಆಟ ನಡೆಯಲಿಲ್ಲ. 2021ರಿಂದ ಸಿಡ್ನಿ, ಕ್ವೀನ್ಸ್‌ಲೆಂಡ್ ಕಡೆಯ ತಂಡಗಳನ್ನೂ ಸೇರಿಸಿಕೊಂಡು ಕೂಟವನ್ನು ಪೂರ್ವ ಕರಾವಳಿಯುದ್ದಕ್ಕೂ ಹಿಗ್ಗಿಸಿದ್ದಾರೆ. ಟ್ರಾಮಿನಲ್ಲಿ ಕುಳಿತು ಎದುರಾಳಿಯ ಊರಿಗೆ ಹೋಗುತ್ತಿದ್ದವರು ಈಗ ವಿಮಾನ ಹತ್ತುತ್ತಾರೆ. ಇದು ಎಷ್ಟು ದಿನ ನಡೆದೀತೋ, ಸ್ವಂತ ಕಾಲಿನ ಮೇಲೆ ನಿಂತ ಬೆರಳೆಣಿಕೆಯ ಹಳೆಯ ಕ್ಲಬ್ಬುಗಳಿಗೆ ಇದರ ಖರ್ಚು ಹೇಗೆ ಹೊಂದೀತೋ ಎಂಬ ಚಿಂತೆ ಆ ಮುದುಕರಿಗೂ ಇತ್ತು. ಆದರೂ 2024ರ ಪಟ್ಟ ಅಂಥದೊಂದು ಕ್ಲಬ್ಬಿಗೇ ಬಂದಿತು. ಕ್ವೀನ್ಸ್‌ಲೆಂಡಿನ ಸೌತ್‌ಪೋರ್ಟನ್ನು ಅಂತಿಮ ಪಂದ್ಯದಲ್ಲಿ ಸೋಲಿಸಿ, 1993ರಿಂದ ಕಾದಿದ್ದ ಪಟ್ಟವನ್ನು ಪಡೆದವರು ವೆರಿಬೀಯವರು. ನನ್ನ ಮೊಮ್ಮಗ ಈಗ ಆ ಬಯಲಿಗೆ ಹೋಗುತ್ತಾನೆಂದು ಮಗಳು ಬರೆದಿದ್ದಾಳೆ. ವಿರಾಮದಲ್ಲಿ ದೊಡ್ಡವರ ಕಾಲುಗಳ ನಡುವೆ ನುಸುಳಿ ಗುರುವಿನ ಹಿಂದೆಯೇ ಹೋಗಿ ನಿಲ್ಲುತ್ತಾನಂತೆ. ಏನು ಹೇಳಿದರೋ ಎಂದು ಕೇಳಿದರೆ, ಬಯ್ಗಳವೇ ಹೆಚ್ಚಾಗಿತ್ತು, ಅದನ್ನು ಅಜ್ಜನಿಗೆ ಬರೆಯಬೇಡ ಎಂದನಂತೆ.